ಫಲಕ ನೆಟ್ಟವರು ಒಮ್ಮೆ ಓದಬಾರದಿತ್ತೇ?

ಮಾನ್ಯರೇ,

ಬಸವನಗುಡಿಯಲ್ಲಿ ನಿಲ್ಲಿಸಿರುವ ‘ಹಳೆಯ ಹೋಟೆಲುಗಳ ಪರಂಪರೆ’ ಫಲಕದ ವರದಿಯನ್ನು ನಿಮ್ಮ ಪತ್ರಿಕೆಯಲ್ಲಿ ಓದಿದೆ. ಅನಾವರಣದ ಚಿತ್ರದಲ್ಲಿ ಶಾಲು ಹೊದ್ದವರೇ ತುಂಬಿದ್ದರಿಂದ ಫಲಕ ಕಾಣಲಿಲ್ಲ. ಆ ಕೊರತೆ ಇಂದು ಬೆಳಿಗ್ಗೆ ನೀಗಿತು. ಅದರ ಕಬ್ಬಿಣದ ಕಾಲಿಗೆ ನನ್ನ ಮೊಣಕಾಲು ಬಡಿದು ತರಚಿದೆ.

ಪಾದಚಾರಿ ಮಾರ್ಗದ ನಟ್ಟನಡುವೆ ಅದನ್ನು ನೆಟ್ಟ ಪುಣ್ಯಾತ್ಮರು ಯಾರೋ! ಒಂದು ಕಡೆ ವಿದ್ಯುತ್ ಪೆಟ್ಟಿಗೆ, ಇನ್ನೊಂದು ಕಡೆ ಮೇಲೆದ್ದ ಕಲ್ಲುಚಪ್ಪಡಿ. ಎಂಬತ್ತು ದಾಟಿದ ನಮ್ಮ ತಾಯಿಯವರನ್ನು ಕೈಹಿಡಿದು ರಸ್ತೆಗೆ ಇಳಿಸಬೇಕಾಯಿತು. ಹಿಂದಿನಿಂದ ಆಟೊದ ಹಾರ್ನು, ಪಂಚೆಗೆ ಕೆಸರು. ದೋಸೆಯ ಆಸೆ ಬಿಟ್ಟು ಮನೆಗೆ ಮರಳಿದೆವು.

ಇಷ್ಟಾದರೂ ಬರೆದದ್ದು ಸರಿಯಿದ್ದಿದ್ದರೆ ಸುಮ್ಮನಿರುತ್ತಿದ್ದೆ. ಎಂಟಿಆರ್ 1924ರಲ್ಲಿ ಲಾಲ್‌ಬಾಗ್ ರಸ್ತೆಯಲ್ಲಿ ಆರಂಭವಾಯಿತಂತೆ. ಆ ವರ್ಷ ಮಯ್ಯ ಸಹೋದರರು ತೆರೆದದ್ದು ಬ್ರಾಹ್ಮಿನ್ಸ್ ಕಾಫಿ ಕ್ಲಬ್. ಈಗಿನ ಜಾಗಕ್ಕೆ ಬಂದು ಮಾವಳ್ಳಿ ಟಿಫಿನ್ ರೂಮ್ಸ್ ಆದದ್ದು 1960ರಲ್ಲಿ. ರವೆ ಇಡ್ಲಿಯನ್ನು ‘ಪ್ರಾಚೀನ ತಿನಿಸು’ ಎಂದು ಬರೆದಿದ್ದಾರೆ. ಎರಡನೆಯ ಮಹಾಯುದ್ಧದಲ್ಲಿ ಅಕ್ಕಿ ಸಿಗದೆ ರವೆಯಲ್ಲಿ ಇಡ್ಲಿ ಮಾಡಿದೆವೆಂದು ಎಂಟಿಆರ್‌ನವರೇ ಹೇಳುತ್ತಾರಲ್ಲ! ರೇಸ್‌ಕೋರ್ಸ್ ರಸ್ತೆಯ ವೆಸ್ಟ್ ಎಂಡ್ ಹುಟ್ಟಿದ್ದು 1984ರಲ್ಲಂತೆ. ಅದು ತಾಜ್ ಸಮೂಹದ ಕೈಸೇರಿದ ವರ್ಷ. 1887ರಲ್ಲೇ ಬ್ರಾನ್ಸನ್ ಎಂಬ ಮಹಿಳೆ ಅಲ್ಲಿ ವಸತಿಗೃಹ ನಡೆಸುತ್ತಿದ್ದರು. ಒಂದು ಶತಮಾನವನ್ನೇ ನುಂಗಿ ನೀರು ಕುಡಿದಿದ್ದಾರೆ. ವಿದ್ಯಾರ್ಥಿ ಭವನವಂತೂ ಇವರ ಪ್ರಕಾರ ‘ಹಳೆಯ ವಿದ್ಯಾರ್ಥಿನಿಲಯ’! 1943ರಲ್ಲಿ ವೆಂಕಟರಮಣ ಉರಾಳರು ತಿಂಡಿಗೆಂದೇ ತೆರೆದ ಜಾಗವದು. ಗಾಂಧಿ ಬಜಾರಿನಲ್ಲಿ ಬಾಗಿಲ ಹೊರಗೆ ಹೆಸರು ಬರೆಸಿ ಕಾಯುವ ಜನರನ್ನು ಕೇಳಿದ್ದರೂ ಹೇಳುತ್ತಿದ್ದರು.

ನಕಾಶೆಯದು ಇನ್ನೊಂದು ಕಥೆ. ಇಂಡಿಯಾ ಕಾಫಿ ಹೌಸ್‌ಗೆ ಎಂ.ಜಿ. ರಸ್ತೆಯತ್ತ ಬಾಣದ ಗುರುತು ಹಾಕಿದ್ದಾರೆ. ಅದು ಅಲ್ಲಿಂದ ಎದ್ದು ಚರ್ಚ್ ಸ್ಟ್ರೀಟಿಗೆ ಹೋದದ್ದು 2009ರಲ್ಲಿ. ಶಿರಸಿಯಿಂದ ಬಂದಿದ್ದ ನಮ್ಮ ಭಾವನವರು ಬಾಣ ನಂಬಿ ಮಧ್ಯಾಹ್ನದ ಬಿಸಿಲಿನಲ್ಲಿ ಅಲೆದರು. ಮನೆಗೆ ಬಂದು ನನ್ನ ಮೇಲೆ ರೇಗಿದರು, ಫಲಕ ನಾನೇ ಬರೆಸಿದವನಂತೆ.

ಹೋಟೆಲುಗಳ ಮೇಲೆ ಸರ್ಕಾರಕ್ಕೆ ಈ ಪ್ರೀತಿ ಯಾವಾಗ ಉಕ್ಕಿತೋ ತಿಳಿಯದು. ತುರ್ತು ಪರಿಸ್ಥಿತಿಯಲ್ಲಿ ತಿಂಡಿಯ ದರವನ್ನು ಬಲವಂತವಾಗಿ ಇಳಿಸಿ ಎಂಟಿಆರ್ ಬಾಗಿಲು ಹಾಕುವಂತೆ ಮಾಡಿದ್ದೂ ಅಧಿಕಾರಿಗಳೇ. ಫಲಕದಲ್ಲಿ ಆ ಸಾಲಿಗೆ ಮಾತ್ರ ಜಾಗ ಸಿಕ್ಕಿಲ್ಲ, ಪಾಪ. ಮಲ್ಲೇಶ್ವರದ ನ್ಯೂ ಕೃಷ್ಣ ಭವನ 2022ರ ಡಿಸೆಂಬರಿನಲ್ಲಿ ಮುಚ್ಚಿದಾಗ ಈ ಶಾಲುಗಳೆಲ್ಲ ಎಲ್ಲಿದ್ದವು? ಅಲ್ಲಿನ ಹಸಿರು ಇಡ್ಲಿ ತಿಂದವರಿಗೆ ಮುಂದೆ ಫಲಕ ನೆಕ್ಕಲು ಕೊಡುತ್ತಾರೋ ಏನೋ.

ನಮ್ಮ ಅಡ್ಡರಸ್ತೆಯ ಬೀದಿದೀಪ ಗಣೇಶನ ಹಬ್ಬದಿಂದ ಕೆಟ್ಟಿದೆ, ಮೋರಿಯ ಮುಚ್ಚಳ ಒಡೆದಿದೆ. ದೂರು ಕೊಡಲು ಹೋದರೆ ‘ಸಾಹೇಬರು ಸೈಟ್‌ಗೆ ಹೋಗಿದ್ದಾರೆ’ ಎಂಬ ಉತ್ತರ. ಯಾವ ಸೈಟೋ, ಯಾರ ಸೈಟೋ! ಖಾತೆಗೆ ಕೊಟ್ಟ ನನ್ನ ಅರ್ಜಿಯೂ ಅದೇ ಮೇಜಿನ ಮೇಲೆ ಕಾಫಿ ಲೋಟದ ಕೆಳಗಿದೆ, ಕಣ್ಣಾರೆ ಕಂಡಿದ್ದೇನೆ. ಅದಕ್ಕೂ ಪರಂಪರೆಯ ಪಟ್ಟ ಕಟ್ಟಿದರೆ ಒಳ್ಳೆಯದು.

ಈ ಫಲಕವನ್ನು ಕೂಡಲೇ ಕಿತ್ತುಹಾಕಬೇಕು. ಇಲ್ಲವೇ ತಿದ್ದಿ ಗೋಡೆಯ ಬದಿಗಾದರೂ ಸರಿಸಬೇಕು. ಕೀಳುವಾಗ ಚಪ್ಪಡಿಗಳನ್ನೂ ಸರಿಮಾಡಲಿ, ಬೀದಿದೀಪವನ್ನೂ ನೋಡಲಿ. ಏನೂ ಆಗದಿದ್ದರೆ ಇನ್ನೊಂದು ಫಲಕ ನೆಡದೆ ಕಚೇರಿಯಲ್ಲೇ ತೆಪ್ಪಗೆ ಕೂತಿರಲಿ. ಹೇಗೂ ಅದು ಅಭ್ಯಾಸವಾಗಿದೆಯಲ್ಲ!

– ನೊಂದ ನಿವಾಸಿ, ಬಸವನಗುಡಿ, ಬೆಂಗಳೂರು