ಅರ್ಧ ನಿನ್ನದಾದ ಕೋವಿಯ ವಿಷಯ

ಮಂಡ್ಯ, ಭಾನುವಾರ ರಾತ್ರಿ

ಲೋ ಗೆಳೆಯಾ,

ಹೇಗಿದ್ದೀಯ? ನಾನು ಚೆನ್ನಾಗಿದ್ದೇನೆ, ಬಲಗೈ ರಟ್ಟೆ ಒಂದು ಬಿಟ್ಟು. ಎರಡು ಭಾನುವಾರದಿಂದ ನಳಿಗೆ ಬಗ್ಗಿಸಿ ಬಗ್ಗಿಸಿ ಸ್ಪ್ರಿಂಗ್ ಏರಿಸಿದ್ದೇ ಕೆಲಸ, ಈಗ ತಲೆ ಬಾಚೋಕೂ ಎಡಗೈ ಬೇಕು.

ಸುತ್ತಿ ಬಳಸುವುದು ಬೇಡ. ನಮ್ಮ ಏರ್ ರೈಫಲ್‌ನ ಹಳೇ ಸ್ಟಾಕ್, ಅಂದರೆ ಭುಜಕ್ಕೂ ಕೆನ್ನೆಗೂ ಊರುವ ಆ ಮರದ ಭಾಗ, ಬಿಚ್ಚಿ ಹೊಸದು ಹಾಕಿದ್ದೇನೆ. ನಿನ್ನನ್ನು ಕೇಳಲಿಲ್ಲ. ಅರ್ಧ ದುಡ್ಡು ನಿಂದು ಅಂತ ನೆನಪಿತ್ತು, ಅದಕ್ಕೇ ಕೇಳಲಿಲ್ಲ, ಕೇಳಿದ್ದರೆ ನೀನು ಬೇಡ ಅಂತಿದ್ದೆ.

ಕಾರಣ ಇದೆ ಕಣೋ. ಹೋದ ವರ್ಷ ದುರ್ಬೀನು ಹಾಕಿದೆನಲ್ಲ, ಅಲ್ಲಿಂದ ಶುರುವಾಯಿತು. ಹಳೇ ಸ್ಟಾಕ್ ಮಾಡಿದ್ದು ನಳಿಗೆ ಮೇಲಿನ, ಗುರಿ ನೋಡುವ ಕಬ್ಬಿಣದ ಗುರುತಿಗೆ, ದುರ್ಬೀನು ಅದಕ್ಕಿಂತ ಎತ್ತರ ಕೂರುತ್ತದೆ. ಹಾಗಾಗಿ ಕೆನ್ನೆ ಮರಕ್ಕೆ ತಾಗುತ್ತಲೇ ಇರಲಿಲ್ಲ, ಗದ್ದ ಊರಿಕೊಂಡು ಬೇಲಿ ಮೇಲಿಂದ ಪಕ್ಕದ ಮನೆ ಇಣುಕಿದ ಹಾಗೆ ನೋಡಬೇಕಿತ್ತು. ಕೆನ್ನೆ ಒಂದೊಂದು ಸಲ ಒಂದೊಂದು ಕಡೆ ಕೂತರೆ ಕಣ್ಣೂ ಜಾಗ ಬದಲಿಸುತ್ತದೆ, ಕಣ್ಣು ಅಲುಗಿದರೆ ಗುರಿ ಎಲ್ಲಿ ಉಳಿಯುತ್ತೆ? ಉದ್ದ ಬೇರೆ ನನಗೆ ಕಡಿಮೆ. ಟ್ರಿಗರ್‌ನಿಂದ ಹಿಂದಿನ ತುದಿಗೆ 33 ಸೆಂ.ಮೀ., ನನ್ನ ಕೈಗೆ ಇನ್ನೂ ಎರಡು ಬೆರಳಾದರೂ ಬೇಕು.

ಹೊಸದು ಶೀಶಮ್ ಮರದ್ದು. ನಮ್ಮ ಬೀಟೆಯ ದಾಯಾದಿ ಅನ್ನು. ಉತ್ತರದ ಕಡೆಯವರೊಬ್ಬರು ಮಾಡಿಕೊಟ್ಟಿದ್ದು, ಬೆಲೆ ಇಲ್ಲಿ ಬರೆಯುವುದಿಲ್ಲ, ಈ ಪತ್ರ ನಮ್ಮ ಮನೆಯಲ್ಲೂ ಓದುತ್ತಾರೆ. ಬಣ್ಣ ಬಳಿಯದೆ ಕಳಿಸಿದ್ದರು. ಒಂದು ವಾರ ದಿನಾ ರಾತ್ರಿ ಅಗಸೆ ಎಣ್ಣೆ ತಿಕ್ಕಿದೆ, ಅಮ್ಮ ಬಂದು ಮೂಸಿ ನೋಡಿ "ಇಷ್ಟು ಸೇವೆ ನಿನ್ನ ತಲೆಗಾದರೂ ಮಾಡಿಕೊಂಡಿದ್ದರೆ ನಾಲ್ಕು ಕೂದಲು ಉಳಿತಿತ್ತು" ಅಂದರು. ಆದರೆ ಎಣ್ಣೆ ಕುಡಿದ ಮೇಲೆ ಆ ಮರದ ಗೆರೆ ಎದ್ದು ಬಂತು ನೋಡು, ಅಮ್ಮನೇ ಎರಡನೇ ಸಲ ಮುಟ್ಟಿ ನೋಡಿದರು.

ಜೋಡಿಸುವುದು ಏನು ದೊಡ್ಡ ವಿದ್ಯೆ? ಮುಂದೆ ಎಡಕ್ಕೊಂದು ಬಲಕ್ಕೊಂದು ಸ್ಕ್ರೂ, ಟ್ರಿಗರ್ ಗಾರ್ಡ್ ಹತ್ತಿರ ಇನ್ನೊಂದು. ಹಳೆಯದರಿಂದ ಬಿಚ್ಚಿದೆ, ಹೊಸದಕ್ಕೆ ಹಾಕಿದೆ, ಹಲ್ಲು ಕಚ್ಚಿ ಬಿಗಿದೆ. ಹತ್ತೇ ನಿಮಿಷ. ತೂಕ 3.4 ಕೆ.ಜಿ. ಇದ್ದದ್ದು 3.9 ಆಯಿತು, ಭುಜಕ್ಕೆ ಇಟ್ಟರೆ ಕೆನ್ನೆ ತಾನಾಗಿ ಹೋಗಿ ಕೂತಿತು, ದುರ್ಬೀನಿನೊಳಗೆ ಪೂರ್ತಿ ದುಂಡಗೆ ಬೆಳಕು. ಕನ್ನಡಿ ಮುಂದೆ ನಿಂತು ನೋಡಿಕೊಂಡೆ ಅಂತ ಯಾರಿಗೂ ಹೇಳಬೇಡ.

ಹೋದ ಭಾನುವಾರ ಬೆಳಿಗ್ಗೆ ಕಾರಿನಲ್ಲಿ ಹಾಕಿಕೊಂಡು ಮೈಸೂರಿನ ಶೂಟಿಂಗ್ ರೇಂಜಿಗೆ ಹೊರಟೆ. ನಮ್ಮ ಬೀದಿಯವರಿಗೆ ಆ ಉದ್ದನೆ ಚೀಲ ಕಂಡರೆ ಸಾಕು, ಕಬ್ಬಿನ ಗದ್ದೆಗೆ ಹಂದಿ ಬರುತ್ತೆ ಬಾ, ಪಾರಿವಾಳ ಹೊಡಿ ಬಾ ಅಂತ ಶುರು. ಇದು ಕಾಗದಕ್ಕೆ ತೂತು ಮಾಡುವ ಕೋವಿ ಮಾರಾಯ್ರೆ ಅಂದರೆ ನಗುತ್ತಾರೆ. ಹಂದಿ, ಹಕ್ಕಿ ಅಂತ ಹೊರಟರೆ 1972ರ ವನ್ಯಜೀವಿ ಕಾಯ್ದೆ ಇದೆ, ಅದು ಬಿಟ್ಟರೂ ಇಷ್ಟು ಸಣ್ಣ ಕೋವಿಯಲ್ಲಿ ಹಂದಿಗೆ ಹೊಡೆಯುವುದು ಬರೀ ಹಿಂಸೆ. 4.5 ಮಿ.ಮೀ. ನಳಿಗೆ, 20 ಜೂಲ್ ಒಳಗಿನ ಶಕ್ತಿ, ಅದಕ್ಕೇ ತಾನೇ 2016ರ ನಿಯಮದಲ್ಲಿ ಇದಕ್ಕೆ ಲೈಸೆನ್ಸ್ ಬೇಡ ಅಂದಿರೋದು. ನಮ್ಮದು ಸುಮಾರು ಅದರ ಅರ್ಧ. ಅರ್ಧ ಗ್ರಾಂ ಚಿಲ್ಲರೆ ತೂಕದ ಪೆಲೆಟ್, ಅಂದರೆ ಇದರ ಪುಟ್ಟ ಗುಂಡು, ಸೆಕೆಂಡಿಗೆ 200 ಮೀಟರ್ ಹೋದರೆ ಹತ್ತು ಜೂಲ್ ಚಿಲ್ಲರೆ, ಲೆಕ್ಕ ಹಾಕಿ ನೋಡು.

ರೇಂಜಿನಲ್ಲಿ ಮಕ್ಕಳು ದಪ್ಪ ಜಾಕೆಟ್ ಹಾಕಿಕೊಂಡು ಸಾಲಾಗಿ ನಿಂತಿದ್ದರು. 2008ರಲ್ಲಿ ಬೀಜಿಂಗ್‌ನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದಾಗ ಇವರಲ್ಲಿ ಯಾರೂ ಹುಟ್ಟೇ ಇರಲಿಲ್ಲ ಅನ್ನಿಸುತ್ತೆ. ಅವರದೂ 10 ಮೀಟರ್, ನನ್ನದೂ 10 ಮೀಟರ್, ಕಾಗದವೂ ಅದೇ. ಆ ಕಾಗದದಲ್ಲಿ ಹತ್ತು ಅಂಕದ ಚುಕ್ಕೆ ಅರ್ಧ ಮಿಲಿಮೀಟರ್ ಮಾತ್ರ, ಪೆನ್ನಿನ ಮೊನೆ ಇಟ್ಟ ಹಾಗೆ. ಅವರ ರೈಫಲ್ ಅಲುಗೋದೇ ಇಲ್ಲ. ನಮ್ಮದು ಸ್ಪ್ರಿಂಗ್ ಗನ್, ಒಳಗೆ ಪಿಸ್ಟನ್ ಮುಂದಕ್ಕೆ ನುಗ್ಗುವಾಗ ಕೋವಿ ಹಿಂದಕ್ಕೆ ಒದೆಯುತ್ತದೆ, ಪಿಸ್ಟನ್ ಹೋಗಿ ತುದಿಗೆ ನಿಂತಾಗ ಮುಂದಕ್ಕೆ ಜಗ್ಗುತ್ತದೆ, ಪೆಲೆಟ್ ನಳಿಗೆ ಬಿಡುವ ಮೊದಲೇ ಈ ಗಲಾಟೆ ಶುರುವಾಗಿರುತ್ತದೆ.

ಮೊದಲ ಐದು ಹೊಡೆದೆ. ಹಳೇ ಸ್ಟಾಕ್‌ನಲ್ಲಿ, ಗದ್ದ ಊರಿಕೊಂಡೇ, ಐದು ತೂತು 12 ಮಿ.ಮೀ. ಒಳಗೆ ಬರುತ್ತಿದ್ದವು, ನಿನಗೆ ಗೊತ್ತು. ಈಗ 40 ಮಿ.ಮೀ.! ಅದೂ ಎಡಕ್ಕೆ, ಕೆಳಕ್ಕೆ. ಸ್ಟಾಕ್ ಬದಲಿಸಿದರೆ ಪೆಲೆಟ್ ಬೀಳುವ ಜಾಗ ಸ್ವಲ್ಪ ಸರಿಯುವುದು ಸಹಜ, ತೂಕ ಹಂಚಿಕೆ ಬದಲಾಗುತ್ತಲ್ಲ, ದುರ್ಬೀನು ತಿರುಗಿಸಿದರೆ ಆಯಿತು. ಆದರೆ ಚೆಲ್ಲಾಪಿಲ್ಲಿ ಆದರೆ ಯಾವ ಕಡೆಗೆ ತಿರುಗಿಸೋದು? ಪೆಲೆಟ್ ಬದಲಿಸಿದೆ. ಚಪ್ಪಟೆ ತಲೆಯದು, ದುಂಡು ತಲೆಯದು, ಮೂರು ಡಬ್ಬಿಯ ಪೆಲೆಟ್ಟೂ ಹೊಡೆದು ನೋಡಿದೆ. ಗಟ್ಟಿ ಹಿಡಿದೆ, ಸಡಿಲ ಹಿಡಿದೆ. ನೀನು ಹೇಳಿಕೊಟ್ಟ ಹಾಗೆ ಅಂಗೈ ಮೇಲೆ ಸುಮ್ನೆ ಮಲಗಿಸಿ ಬಿಟ್ಟೆ. ಊಹೂಂ. ಪಕ್ಕದ ಹುಡುಗಿ ನನ್ನ ಕಾಗದ ನೋಡಿ ಮರ್ಯಾದೆಯಿಂದ ಬೇರೆ ಕಡೆ ತಿರುಗಿದಳು.

ಬೆಂಚಿನ ಮೇಲೆ ಕೂತು ಸ್ಟಾಕ್ ಮಾಡಿದವರಿಗೆ ಉದ್ದಕ್ಕೆ ಒಂದು ಮೆಸೇಜ್ ಬರೆದೆ. ಕೊರೆದ ಅಳತೆ ತಪ್ಪಿದೆ, ದುಡ್ಡು ವಾಪಸ್ ಕೊಡಿ, ಹಿಂದಿಯಲ್ಲಿ ನನಗೆ ಬರುವ ಬೈಗುಳ ಎರಡೇ, ಎರಡನ್ನೂ ಹಾಕಿದೆ. ಕಳಿಸುವಷ್ಟರಲ್ಲಿ ಅಲ್ಲಿನ ಕೋಚ್ ಬಂದರು. ಪೆಲೆಟ್ ಹಾಕಿಲ್ಲ ತಾನೇ ಅಂತ ಮೊದಲು ನಳಿಗೆ ಬಗ್ಗಿಸಿ ನೋಡಿಕೊಂಡು, ಮರ ಮತ್ತು ಕಬ್ಬಿಣ ಸೇರುವ ಗೆರೆ ಮೇಲೆ ಹೆಬ್ಬೆರಳಿಟ್ಟು ಇನ್ನೊಂದು ಕೈಯಲ್ಲಿ ನಳಿಗೆ ಅಲ್ಲಾಡಿಸಿದರು. "ಸಾರ್, ಇಲ್ಲಿ ಬೆರಳಿಡಿ. ಉಸಿರಾಡ್ತಿದೆ ನೋಡಿ" ಅಂದರು.

ನಿಜವಾಗಲೂ ಉಸಿರಾಡುತ್ತಿತ್ತು. ಕೂದಲೆಳೆಯಷ್ಟು ಅಲುಗಾಟ, ಕಣ್ಣಿಗೆ ಕಾಣಲ್ಲ, ಬೆರಳಿಗೆ ಗೊತ್ತಾಗುತ್ತೆ. ಸ್ಕ್ರೂ ಎಲ್ಲಾ ಕಲ್ಲಿನ ಹಾಗೆ ಬಿಗಿ ಇದೆಯಲ್ಲ ಅಂದೆ. ಬಿಗಿ ಇದೆ, ಆದರೆ ಮರವನ್ನು ಹಿಡಿದಿಲ್ಲ, ತೂತಿನ ತಳಕ್ಕೆ ಹೋಗಿ ಕೂತು ಬಿಗಿಯಾಗಿದೆ ಅಂದರು. ಸ್ಕ್ರೂ ಉದ್ದವಾಯಿತು, ಇಲ್ಲ ಮಧ್ಯೆ ಇರಬೇಕಾದ್ದು ಏನೋ ಇಲ್ಲ. ವಾಷರ್ ಎಲ್ಲಿ ಸಾರ್?

ಯಾವ ವಾಷರ್? ಸ್ಕ್ರೂಗೆ ವಾಷರ್ ಇದ್ದದ್ದೇ ನಾನು ನೋಡಿರಲಿಲ್ಲ.

ಕೋಚ್ ನಕ್ಕು ಒಂದು ಕತ್ತರಿ ಕೊಟ್ಟರು. ಪರ್ಸಿನಲ್ಲಿದ್ದ ಅವಧಿ ಮುಗಿದ ಎಟಿಎಂ ಕಾರ್ಡ್ ಕತ್ತರಿಸಿ, ತೂತು ಕೊರೆದು, ಎರಡು ವಕ್ರ ಬಿಲ್ಲೆ ಮಾಡಿ ಮುಂದಿನ ಸ್ಕ್ರೂಗಳಿಗೆ ಕೂರಿಸಿದೆ. ಮುಂದಿನ ಐದು 15 ಮಿ.ಮೀ. ಒಳಗೆ ಬಂದವು. ಆ ಬ್ಯಾಂಕಿನಿಂದ ನನಗೆ ಆದ ಮೊದಲ ಉಪಕಾರ. ಮೆಸೇಜ್ ಅಳಿಸಿದೆ, ಬೈಗುಳ ಸಮೇತ.

ವಾಪಸ್ ಬರುವಾಗ ಶ್ರೀರಂಗಪಟ್ಟಣದಲ್ಲಿ ಕಾಫಿಗೆ ನಿಲ್ಲಿಸಿದೆ. ನಿನಗೆ ನೆನಪಿದೆಯಾ, 2017ರಲ್ಲಿ ಜೋಡಿ ರೈಲು ಹಳಿಗೆ ಅಡ್ಡ ಬರುತ್ತೆ ಅಂತ ಟಿಪ್ಪು ಕಾಲದ ಮದ್ದಿನ ಮನೆಯನ್ನು ಇಡಿಯಾಗಿ ಎತ್ತಿ ನೂರು ಮೀಟರಿಗೂ ಆಚೆ ಸರಿಸಿದ್ದು, ನಾವು ನೋಡೋಕೆ ಹೋಗಿದ್ದು? ಇನ್ನೂರು ವರ್ಷದ ಕಟ್ಟಡವನ್ನು ತಳದಿಂದ ಬಿಡಿಸಿ ಇನ್ನೊಂದು ತಳಕ್ಕೆ ಕೂರಿಸಿದರು, ನನಗೆ ಮೂರು ಸ್ಕ್ರೂ ಕೂರಿಸೋಕೆ ಆಗಲಿಲ್ಲ.

ಮನೆಗೆ ಬಂದವನೇ ಅಟ್ಟ ಹತ್ತಿ ಹಳೇ ಸ್ಟಾಕ್ ಇಳಿಸಿದೆ. ಸ್ಕ್ರೂ ತೂತಿನೊಳಗೆ ಟಾರ್ಚ್ ಬಿಟ್ಟರೆ ಬರೀ ಕಪ್ಪು. ಸೂಜಿಯಲ್ಲಿ ಕೆರೆದೆ. ಹನ್ನೆರಡು ವರ್ಷದ ಎಣ್ಣೆ, ಧೂಳು, ಎಲ್ಲಾ ಸೇರಿ ಗಟ್ಟಿಯಾದ ಜಿಡ್ಡಿನ ಕೆಳಗೆ ಮಿಣಕ್ ಅಂತ ಕಬ್ಬಿಣ. ಎರಡು ಬಟ್ಟಲು ವಾಷರ್, ಮರಕ್ಕೆ ಅಂಟಿಕೊಂಡು ಮರವೇ ಆಗಿಬಿಟ್ಟಿದ್ದವು. ಸ್ಟಾಕ್ ಮಾಡಿದವರ ಅಳತೆ ಸರಿಯಾಗೇ ಇತ್ತು. ಪಾಪ.

ಮೀಟಿ ತೆಗೆದು ಹೊಸದಕ್ಕೆ ಹಾಕಬಹುದಿತ್ತು. ತೆಗೆಯಲಿಲ್ಲ. ಸ್ಕ್ರೂ ತುದಿ ಅರದಲ್ಲಿ ಉಜ್ಜಿ ಗಿಡ್ಡ ಮಾಡಬಹುದಿತ್ತು, ಅದೂ ಮಾಡಲಿಲ್ಲ. ಹಾರ್ಡ್‌ವೇರ್ ಅಂಗಡಿಯಲ್ಲಿ ಹುಡುಕಿ ಅದೇ ಅಳತೆಯ ಉಕ್ಕಿನ ವಾಷರ್ ತಂದು ಹಾಕಿದೆ. ಸ್ಕ್ರೂ ತಲೆ ಮೇಲಿಂದ ಮರದವರೆಗೆ ಉಗುರು ಬಣ್ಣದಲ್ಲಿ ಒಂದು ಗೆರೆ ಎಳೆದೆ (ಮನೆಯವಳದು, ಕೇಳಿಯೇ ತಗೊಂಡೆ), ಸ್ಕ್ರೂ ಸಡಿಲವಾಗಿ ತಿರುಗಿದರೆ ಗೆರೆ ಮುರಿದು ಗೊತ್ತಾಗುತ್ತೆ. ಇವತ್ತು ಬೆಳಿಗ್ಗೆ ಮತ್ತೆ ಹೋಗಿ ಅರವತ್ತು ಹೊಡೆದೆ. ಗೆರೆ ಹಾಗೇ ಇದೆ. ಒಳ್ಳೆಯ ಐದು 9 ಮಿ.ಮೀ., ಉಳಿದದ್ದು ಹನ್ನೊಂದರ ಆಸುಪಾಸು. ಒಂದು ಮಾತ್ರ ಕಾಗದದ ಮೂಲೆಗೆ ಹೋಯಿತು, ಅದು ನಾನು ಕೆಮ್ಮಿದ್ದು.

ಹಳೆಯದನ್ನು ಯಾಕೆ ಮುಟ್ಟಲಿಲ್ಲ ಅಂತ ನಿನಗೆ ಇಷ್ಟು ಹೊತ್ತಿಗೆ ಅರ್ಥವಾಗಿರಬೇಕು. ಹೊಸ ಸ್ಟಾಕ್‌ನಲ್ಲಿ ಕೆನ್ನೆ ಇಡುವ ದಿಂಬು ಎಡಗಡೆಗೆ ಕೆತ್ತಿದ್ದಾರೆ, ಅಂದರೆ ಬಲಗೈಯವರಿಗೆ. ಹೆಬ್ಬೆರಳಿನ ತೂತೂ ಹಾಗೇ. ಆರ್ಡರ್ ಮಾಡುವಾಗ ನೀನು ಎಡಚ ಅನ್ನೋದು ಮರೆತೆ ಅಂದರೆ ಸುಳ್ಳಾಗುತ್ತೆ, ನೆನಪಿತ್ತು, ನೀನು ಆ ಊರು ಬಿಟ್ಟು ಇನ್ನೆಲ್ಲಿ ಬರ್ತೀಯ ಅಂದುಕೊಂಡೆ. ತಪ್ಪು ನಂದೇ. ನಿನ್ನ ಮರ ಅದರ ವಾಷರ್ ಸಮೇತ ಹಾಗೇ ಇದೆ, ಹಳೇ ಪಂಚೆಯಲ್ಲಿ ಸುತ್ತಿ ಇಟ್ಟಿದ್ದೇನೆ.

ಆಯುಧಪೂಜೆಗೆ ಹಿಂದಿನ ದಿನವೇ ಬಂದುಬಿಡು. ಅದನ್ನೇ ಹಾಕಿ ಪೂಜೆಗೆ ಇಡೋಣ, ಅಮ್ಮ ಕುಂಕುಮ ಇಡುವಾಗ ದುರ್ಬೀನಿನ ಗಾಜಿಗೆ ಬಳಿಯದ ಹಾಗೆ ನೋಡಿಕೊಳ್ಳುವ ಕೆಲಸ ನಿಂದು. ಸ್ಕ್ರೂ ನಾನು ಬಿಗಿಯುತ್ತೇನೆ, ಬೆರಳಿಟ್ಟು ನೀನು ನೋಡು. ಬರುವಾಗ ಎರಡು ಡಬ್ಬಿ ಚಪ್ಪಟೆ ಪೆಲೆಟ್ ತಾ, ಇಲ್ಲಿದ್ದದ್ದು ಪೂರ್ತಿ ಖಾಲಿ.

ನಿನ್ನ,
ಅರ್ಧ ಪಾಲುದಾರ