ಕ್ಯಾನ್ಸರ್ ಶಸ್ತ್ರಚಿಕಿತ್ಸೆ: ಅರಿವಳಿಕೆಯ ಆಯ್ಕೆ ಎಷ್ಟು ಮುಖ್ಯ?

ಮಾನ್ಯ ಸಂಪಾದಕರೇ,

ಆಪರೇಷನ್ ವೇಳೆ ಕೊಡುವ ಅರಿವಳಿಕೆಯ ಅನಿಲದಿಂದಲೇ ಕ್ಯಾನ್ಸರ್ ಮೈಯೆಲ್ಲ ಹರಡುತ್ತದೆ ಎಂಬ ಮಾತನ್ನು ನಂಬಿ, ಶಸ್ತ್ರಚಿಕಿತ್ಸೆಯನ್ನು ಮುಂದೂಡಲು ಯೋಚಿಸುವ ಕುಟುಂಬಗಳನ್ನು ಕಂಡಿದ್ದೇನೆ. ಅರಿವಳಿಕೆ ತಜ್ಞನಾಗಿ ಬಹುಕಾಲ ದುಡಿದು ನಿವೃತ್ತನಾಗಿರುವ ನಾನು, ಈ ಬಗ್ಗೆ ಈವರೆಗೆ ತಿಳಿದಿರುವುದನ್ನು ಓದುಗರ ಮುಂದಿಡಬಯಸುತ್ತೇನೆ.

ಸಂದೇಹ ಪೂರ್ತಿ ಹುಸಿಯೇನಲ್ಲ. ಗಡ್ಡೆಯನ್ನು ಕೊಯ್ದು ತೆಗೆಯುವಾಗ ಅದರ ಕೆಲವು ಜೀವಕೋಶಗಳು ರಕ್ತಕ್ಕೆ ಸೇರಬಹುದು; ಅದೇ ಹೊತ್ತಿನಲ್ಲಿ ಶಸ್ತ್ರಚಿಕಿತ್ಸೆಯ ಆಘಾತದಿಂದ ಅಡ್ರಿನಲಿನ್‌ನಂತಹ ಹಾರ್ಮೋನುಗಳು ಏರಿ, ಅಂತಹ ಕೋಶಗಳನ್ನು ಕೊಲ್ಲಬೇಕಾದ ರೋಗನಿರೋಧಕ ಶಕ್ತಿ ಕೆಲಕಾಲ ಕುಗ್ಗುತ್ತದೆ. ಉಸಿರಿನ ಮೂಲಕ ಕೊಡುವ ಅರಿವಳಿಕೆಗಳು ಮತ್ತು ಮಾರ್ಫಿನ್ ಈ ಕುಗ್ಗುವಿಕೆಯನ್ನು ಹೆಚ್ಚಿಸಬಹುದು, ರಕ್ತನಾಳಕ್ಕೆ ಕೊಡುವ ಪ್ರೊಪೊಫಾಲ್ ಅಷ್ಟು ಹೆಚ್ಚಿಸಲಾರದು ಎಂಬ ಸೂಚನೆಗಳು ಪ್ರಯೋಗಾಲಯಗಳಲ್ಲಿ ದೊರೆತಿದ್ದವು. 2006ರಲ್ಲಿ ಪ್ರಕಟವಾದ, 129 ಸ್ತನ ಕ್ಯಾನ್ಸರ್ ರೋಗಿಗಳ ಹಳೆಯ ದಾಖಲೆಗಳ ಪರಿಶೀಲನೆಯಲ್ಲಿ, ನೋವು ತಡೆದು ಮಾರ್ಫಿನ್ ಬಳಕೆ ತಗ್ಗಿಸುವಂತೆ ಬೆನ್ನುಮೂಳೆಯ ಪಕ್ಕದ ನರಗಳನ್ನೂ ಮರಗಟ್ಟಿಸಿಕೊಂಡಿದ್ದವರ ಪೈಕಿ ಶೇ 94ರಷ್ಟು ಮಂದಿ ಮೂರು ವರ್ಷಗಳ ಬಳಿಕವೂ ರೋಗ ಮರುಕಳಿಸದೆ ಇದ್ದರೆ, ಉಳಿದವರಲ್ಲಿ ಆ ಪ್ರಮಾಣ ಶೇ 77 ಮಾತ್ರ ಇತ್ತು. ಲಂಡನ್ನಿನ ರಾಯಲ್ ಮಾರ್ಸ್‌ಡನ್ ಆಸ್ಪತ್ರೆಯ ಏಳು ಸಾವಿರಕ್ಕೂ ಹೆಚ್ಚು ರೋಗಿಗಳ ದಾಖಲೆ ಆಧರಿಸಿದ 2016ರ ವರದಿಯೂ ಪ್ರೊಪೊಫಾಲ್ ಪಡೆದವರಲ್ಲಿ ಸಾವು ಕಡಿಮೆ ಎಂದಿತು.

ಹಳೆಯ ದಾಖಲೆ ತಿರುವಿಹಾಕಿ ತೀರ್ಮಾನಕ್ಕೆ ಬರುವ ಅಧ್ಯಯನಗಳ ಮೇಲೆ ನನಗೆ ಮೊದಲಿನಿಂದಲೂ ಅಷ್ಟಾಗಿ ಭರವಸೆಯಿಲ್ಲ. ಯಾರಿಗೆ ಯಾವ ಅರಿವಳಿಕೆ ಎಂಬುದನ್ನು ರೋಗಿಯ ಸ್ಥಿತಿ, ಗಡ್ಡೆಯ ಗಾತ್ರ, ವೈದ್ಯರ ರೂಢಿ ಇವೆಲ್ಲ ನಿರ್ಧರಿಸಿರುವಾಗ, ಕೊನೆಗೆ ಕಾಣುವ ವ್ಯತ್ಯಾಸ ಔಷಧದ್ದೇ ಎಂದು ಹೇಳುವುದು ಕಷ್ಟ. ಹಾಗಾಗಿಯೇ ಅಮೆರಿಕ, ಐರ್ಲೆಂಡ್, ಚೀನಾ ಸೇರಿದಂತೆ ಹಲವು ದೇಶಗಳ 13 ಆಸ್ಪತ್ರೆಗಳಲ್ಲಿ ಎರಡು ಸಾವಿರಕ್ಕೂ ಹೆಚ್ಚು ಮಹಿಳೆಯರನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಒಂದಕ್ಕೆ ನರ ಮರಗಟ್ಟಿಸುವ ಚುಚ್ಚುಮದ್ದಿನೊಂದಿಗೆ ಪ್ರೊಪೊಫಾಲ್, ಇನ್ನೊಂದಕ್ಕೆ ಸೆವೊಫ್ಲುರೇನ್ ಅನಿಲ ಮತ್ತು ಮಾರ್ಫಿನ್ ಬಗೆಯ ಔಷಧ ಕೊಟ್ಟು ನೋಡಲಾಯಿತು. 2019ರಲ್ಲಿ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆ ಪ್ರಕಟಿಸಿದ ಆ ಫಲಿತಾಂಶದ ಪ್ರಕಾರ ಎರಡೂ ಗುಂಪುಗಳಲ್ಲಿ ಕ್ಯಾನ್ಸರ್ ಮರುಕಳಿಸಿದ್ದು ಸುಮಾರು ಶೇ 10ರಷ್ಟು ಮಂದಿಗೆ. ಸ್ತನ ಕ್ಯಾನ್ಸರ್ ಮಟ್ಟಿಗಾದರೂ, ಅನಿಲಕ್ಕೆ ಹೆದರಿ ಶಸ್ತ್ರಚಿಕಿತ್ಸೆ ತಡಮಾಡುವುದಕ್ಕೆ ಇದರ ನಂತರ ಯಾವ ಸಮರ್ಥನೆಯೂ ಉಳಿದಿಲ್ಲ.

ಆದರೆ ಇಷ್ಟಕ್ಕೇ ಕಡತ ಮುಚ್ಚುವಂತಿಲ್ಲ. ಮುಂಬೈನ ಟಾಟಾ ಸ್ಮಾರಕ ಕೇಂದ್ರದ ಡಾ. ರಾಜೇಂದ್ರ ಬಡ್ವೆ ಮತ್ತು ಸಂಗಡಿಗರು ದೇಶದ 11 ಆಸ್ಪತ್ರೆಗಳಲ್ಲಿ ಆರಂಭಿಕ ಹಂತದ ಸ್ತನ ಕ್ಯಾನ್ಸರ್ ಇದ್ದ ಸುಮಾರು 1,600 ಮಹಿಳೆಯರ ಮೇಲೆ ನಡೆಸಿ 2023ರಲ್ಲಿ ಪ್ರಕಟಿಸಿದ ಪ್ರಯೋಗ ಬೇರೊಂದು ಜಾಗದಲ್ಲಿ ಉತ್ತರ ಹುಡುಕಿದೆ. ರೋಗಿಗೆ ಪ್ರಜ್ಞೆ ತಪ್ಪಿಸಿದ ಮೇಲೆ, ಕೊಯ್ಯುವುದಕ್ಕೆ 7ರಿಂದ 10 ನಿಮಿಷ ಮೊದಲು, ಗಡ್ಡೆಯ ಸುತ್ತಲೂ ಶೇ 0.5ರ ಲಿಡೊಕೇನ್ ಚುಚ್ಚುವುದು, ಅಷ್ಟೇ. ಹಲ್ಲು ಕೀಳುವಾಗ ವಸಡಿಗೆ ಚುಚ್ಚುವ ಅಗ್ಗದ ಔಷಧವೇ ಇದು. ಐದು ವರ್ಷಗಳ ಬಳಿಕ ರೋಗಮುಕ್ತರಾಗಿ ಉಳಿದವರ ಪ್ರಮಾಣ ಚುಚ್ಚುಮದ್ದು ಪಡೆದವರಲ್ಲಿ ಶೇ 86.6, ಪಡೆಯದವರಲ್ಲಿ ಶೇ 82.6; ಬದುಕುಳಿದವರ ಪ್ರಮಾಣ ಕ್ರಮವಾಗಿ ಶೇ 90.1 ಮತ್ತು ಶೇ 86.4. ಕ್ಯಾನ್ಸರ್ ಕೋಶಗಳ ಹೊರಪೊರೆಯಲ್ಲಿ ಸೋಡಿಯಂ ಸಾಗುವ ಮಾರ್ಗಗಳನ್ನು ಲಿಡೊಕೇನ್ ತಡೆಯುವುದರಿಂದ ಅವುಗಳ ಚಲನೆ ಕುಂಠಿತವಾಗುತ್ತದೆ ಎಂಬುದು ಸಂಶೋಧಕರ ವಿವರಣೆ.

ಇದನ್ನು ಒಪ್ಪಲು ಹಿಂಜರಿಯುವವರ ವಾದದಲ್ಲಿಯೂ ಹುರುಳಿದೆ. ಎರಡನೇ ಗುಂಪಿಗೆ ಔಷಧವಿಲ್ಲದ ದ್ರಾವಣವನ್ನಾದರೂ ಚುಚ್ಚಿ ಹೋಲಿಸಬೇಕಿತ್ತು, ಅದು ಆಗಲಿಲ್ಲ; ಮೊದಲೇ ಕೀಮೊಥೆರಪಿ ಪಡೆದವರನ್ನು ಸೇರಿಸಿರಲಿಲ್ಲವಾದ್ದರಿಂದ ಅವರಿಗೆ ಈ ಫಲಿತಾಂಶ ಅನ್ವಯಿಸದು. ಆದರೂ ಒಂದು ದುಬಾರಿ ಕ್ಯಾನ್ಸರ್ ಔಷಧ ಇಷ್ಟೇ ಲಾಭ ತೋರಿಸಿದ್ದರೆ ಅದರ ಪ್ರಚಾರ ಯಾವ ಮಟ್ಟಕ್ಕೆ ಇರುತ್ತಿತ್ತೋ! ಬೆಂಗಳೂರಿನ ಕಿದ್ವಾಯಿ ಸಂಸ್ಥೆಯೂ ಸೇರಿದಂತೆ ರಾಜ್ಯದಲ್ಲಿ ಸ್ತನ ಕ್ಯಾನ್ಸರ್ ಶಸ್ತ್ರಚಿಕಿತ್ಸೆ ನಡೆಸುವ ಆಸ್ಪತ್ರೆಗಳು ಈ ಪದ್ಧತಿಯ ಬಗ್ಗೆ ತಮ್ಮ ನಿಲುವನ್ನು ಸಾರ್ವಜನಿಕವಾಗಿ ತಿಳಿಸಬೇಕು, ಅನುಸರಿಸುವುದಾದರೆ ರೋಗಿಗಳ ಮುಂದಿನ ಸ್ಥಿತಿಗತಿಯನ್ನು ದಾಖಲಿಸಬೇಕು. ಶಸ್ತ್ರಚಿಕಿತ್ಸೆಗೆ ಮೊದಲು ಇದರ ಬಗ್ಗೆ ಕೇಳುವ ರೋಗಿಯನ್ನು ವೈದ್ಯರು ಗದರಿಸದೆ ಉತ್ತರಿಸಬೇಕು.

ನನ್ನ ವೃತ್ತಿಬಾಂಧವರಿಗೆ ಒಂದು ಮಾತು: ಈ ಚುಚ್ಚುಮದ್ದನ್ನು ಕೊಡುವವರು ಸಾಮಾನ್ಯವಾಗಿ ಶಸ್ತ್ರಚಿಕಿತ್ಸಕರು. ನೋವು ತಡೆಗೆಂದು ನಾವೂ ಇದೇ ವರ್ಗದ ಔಷಧದಿಂದ ನರ ಮರಗಟ್ಟಿಸಿದ್ದರೆ ಒಟ್ಟು ಪ್ರಮಾಣ ಮಿತಿ ಮೀರಿ ಹೃದಯಕ್ಕೂ ಮಿದುಳಿಗೂ ಅಪಾಯವಾಗಬಹುದು. ಆದ್ದರಿಂದ ಇಬ್ಬರೂ ಮೊದಲೇ ಕೂತು ರೋಗಿಯ ತೂಕಕ್ಕೆ ತಕ್ಕ ಲೆಕ್ಕ ಹಾಕಿಕೊಳ್ಳುವುದು ಕಡ್ಡಾಯವಾಗಬೇಕು.

– ಒಬ್ಬ ನಿವೃತ್ತ ಅರಿವಳಿಕೆ ತಜ್ಞ, ಶಿವಮೊಗ್ಗ