ಶನಿವಾರದ ಸಂಧಾನ ಸಭೆ: ಬರುವ ಮುಂಚೆ ಓದಿ

ಎಲ್ಲರಿಗೂ ನಮಸ್ಕಾರ. ಪಾಲುದಾರರ ಲೆಕ್ಕದ ತಕರಾರಿನ ಬಗ್ಗೆ ಈ ಶನಿವಾರ ಸಂಜೆ 5ಕ್ಕೆ ಸಂಧಾನ ಸಭೆ ಇದೆ. ಎರಡೂ ಕಡೆಯವರು, ಇಬ್ಬರು ಮಧ್ಯಸ್ಥರು ಬಂದರೆ ಸಾಕು.

ಮಧ್ಯಸ್ಥರು ತೀರ್ಪು ಕೊಡುವುದಿಲ್ಲ. ಮಾತಿಗೆ ದಾರಿ ಮಾಡಿಕೊಡುತ್ತಾರೆ ಅಷ್ಟೇ. ಒಪ್ಪುವುದು, ಬಿಡುವುದು ನಿಮ್ಮ ಕೈಯಲ್ಲೇ ಇರುತ್ತದೆ. ಬೇಕೆಂದರೆ ಅವರೊಂದಿಗೆ ಬೇರೆಯಾಗಿಯೂ ಮಾತಾಡಬಹುದು. ಅಲ್ಲಿ ಹೇಳಿದ್ದನ್ನು ನಿಮ್ಮ ಒಪ್ಪಿಗೆ ಇಲ್ಲದೆ ಎದುರು ಕಡೆಯವರಿಗೆ ತಿಳಿಸುವುದಿಲ್ಲ.

ಮಧ್ಯಸ್ಥರಿಗೆ ಯಾವುದಾದರೂ ಒಂದು ಕಡೆಯವರ ಜೊತೆ ನೆಂಟಸ್ತಿಕೆ, ಸಾಲ, ವ್ಯಾಪಾರ ಇದ್ದರೆ ಈಗಲೇ ಹೇಳಿ, ಬೇರೆಯವರನ್ನು ಕರೆಯೋಣ. ನನಗಂತೂ ಇದೇ ಎಲ್ಲಕ್ಕಿಂತ ಮುಖ್ಯ. ಆಮೇಲೆ ಗೊತ್ತಾದರೆ ನಂಬಿಕೆ ಉಳಿಯುತ್ತಾ?

ಬಿಲ್ಲು, ಕರಾರು ಪತ್ರ, ರಸೀದಿ ತನ್ನಿ. ರೆಕಾರ್ಡಿಂಗ್ ಬೇಡ. ಸಭೆಯ ಮಾತು ಈ ಗುಂಪಿಗೂ ಬರಬಾರದು. ಬರುವವರು ಗುರುವಾರದೊಳಗೆ ನನಗೆ ಪ್ರತ್ಯೇಕ ಮೆಸೇಜ್ ಮಾಡಿ.